ಅನ್ನಪೂರ್ಣೆಯನ್ನು ಇಳಿಸಿ, ಕೌದಿಯನ್ನು ಮರಳಿ ತೂಗುಹಾಕಿರಿ

ಗಾಜಿನಂಗಡಿ ಕಲಾದರ್ಶನ ಸಮಿತಿಯ ವಿಶೇಷಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ಕುಷ್ಟಗಿಯ ಬಜಾರದಲ್ಲಿ ಪ್ರಭುರಾಜನ ಸೀರೆ ಅಂಗಡಿಯ ದೊಡ್ಡ ಗಾಜಿನ ಹಿಂದೆ ಕಳೆದ ಹನ್ನೊಂದು ದಿನಗಳಿಂದ ವಿರಾಜಿಸುತ್ತಿರುವ ಅನ್ನಪೂರ್ಣಾದೇವಿಯ ಚಿತ್ರವನ್ನು ಕೂಡಲೇ ಇಳಿಸಬೇಕೆಂದು ಆಗ್ರಹಪಡಿಸುತ್ತಿದ್ದೇನೆ. ಆ ಚಿತ್ರವನ್ನು ಬರೆದವನು ನಾನೇ. ತನ್ನ ಚಿತ್ರವನ್ನು ಮೇಲಕ್ಕೇರಿಸಿರೆಂದು ಅಂಗಲಾಚುವವರನ್ನು ತಾವು ಬೇಕಾದಷ್ಟು ಕಂಡಿರಬಹುದು. ಇಳಿಸಿರೆಂದು ಜಗಳಕ್ಕೆ ನಿಂತವನನ್ನು ಕಂಡಿರಲಾರಿರಿ. ಅದೇ ಗಾಜಿನ ಹಿಂದೆ ಮೊದಲಿದ್ದದ್ದು ನಮ್ಮ ಓಣಿಯ ಪಕೀರಮ್ಮ ಹೊಲಿದ ಕೌದಿ. ಸಹಿಯಿಲ್ಲದ ಒಂದು ಅರ್ಜಿಯನ್ನು ನೆಚ್ಚಿ ತಮ್ಮ ಸಮಿತಿ ಅದನ್ನು ಕೆಳಗಿಳಿಸಿತು, ಬ್ಲೇಡಿನಿಂದ ಸೀಳಿತು, ಔಷಧ ಸಿಂಪಡಿಸಿ ಗೋಣಿಚೀಲದಲ್ಲಿ ತುರುಕಿ ಉಗ್ರಾಣಕ್ಕೆ ಎಸೆಯಿತು. ಬರುವ ಸೋಮವಾರ ಅಂಗಡಿಗಳು ತೆರೆಯುತ್ತವೆ. ಆ ಗಾಜಿನ ಹಿಂದೆ ಮತ್ತೆ ಸೀರೆ ಉಟ್ಟ ಗೊಂಬೆಗಳು ಬಂದು ನಿಲ್ಲುತ್ತವೆ. ಅಷ್ಟರೊಳಗೆ ಕೌದಿ ತನ್ನ ಜಾಗಕ್ಕೆ ಮರಳದಿದ್ದರೆ, ಅದು ರೋಗದ ಬಟ್ಟೆಯೆಂದು ಊರಿನಲ್ಲಿ ಹಬ್ಬಿರುವ ಮಾತು ಪಕೀರಮ್ಮನ ಉಳಿದ ಆಯುಷ್ಯಕ್ಕೆಲ್ಲ ಅಂಟಿಕೊಳ್ಳುತ್ತದೆ. ಆ ಸಹಿಯಿಲ್ಲದ ಅರ್ಜಿಯನ್ನು ಬರೆದವನೂ ನಾನೇ.

ತಮ್ಮ ಯೋಜನೆ ಕೆಟ್ಟದ್ದೆಂದು ನಾನು ಹೇಳಲಾರೆ. ಮಹಾಮಾರಿಯ ಎರಡನೆಯ ಅಲೆಯಲ್ಲಿ ಊರೆಲ್ಲ ಬಾಗಿಲು ಹಾಕಿಕೊಂಡಿತ್ತು. ಬೆಳಗಿನ ಆರರಿಂದ ಹತ್ತರವರೆಗೆ ಮಾತ್ರ ಹಾಲು, ಕಿರಾಣಿ, ತರಕಾರಿ, ಔಷಧ, ಬಿತ್ತನೆಯ ಬೀಜಕ್ಕೆಂದು ಹೊರಬರಲು ಅಪ್ಪಣೆಯಿತ್ತು. ನಲವತ್ತು ವರ್ಷದ ಸ್ನೇಹಿತರು ರಸ್ತೆಯ ಆಚೆ ಈಚೆ ನಿಂತು ಕೈಯೆತ್ತಿ, ಮಾತಿಲ್ಲದೆ ಸರಿದುಹೋಗುತ್ತಿದ್ದ ದಿನಗಳವು. ಮುಚ್ಚಿದ ಅಂಗಡಿಗಳ ಗಾಜಿನ ಶೋಕೇಸುಗಳಲ್ಲಿ ನಮ್ಮ ಸೀಮೆಯ ಕಲಾವಿದರ ಕೃತಿಗಳನ್ನಿಟ್ಟರೆ ನಡೆದುಹೋಗುವವರ ಕಣ್ಣಿಗಾದರೂ ಒಂದಿಷ್ಟು ಸಂಗ ದೊರೆತೀತೆಂದು ತಾವು ಯೋಚಿಸಿದಿರಿ. ಆನೆಗೊಂದಿಯಿಂದ ಬಾಳೆನಾರಿನ ಬುಟ್ಟಿಗಳು ಬಂದವು. ಯಲಬುರ್ಗಾದ ಶಿಕ್ಷಕರೊಬ್ಬರು ಬಸ್ಸಿಗೆ ಕಾದು ಕುಳಿತವರ ಪೆನ್ಸಿಲ್ ಚಿತ್ರಗಳನ್ನು ಕಳುಹಿಸಿದರು. ನಾನು ನನ್ನ ಅನ್ನಪೂರ್ಣೆಯನ್ನು ಕೊಟ್ಟೆ.

ಆ ಚಿತ್ರದ ವಿಷಯವಾಗಿ ಒಂದೆರಡು ಮಾತು ಅನಿವಾರ್ಯ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದವನು ನಾನು. ಆ ದೇವಿಯನ್ನು ಏಳು ವರ್ಷ ಬರೆದಿದ್ದೇನೆ. ಸೋಮವಾರ ಮಾತ್ರ, ಉಪವಾಸವಿದ್ದು, ಸ್ನಾನ ಪೂಜೆಗಳಾದ ಮೇಲೆ. ಬಲಗೈಯ ಸೌಟಿಗೂ ಎಡಗೈಯ ಪಾತ್ರೆಗೂ ಚಿನ್ನದ ರೇಕು ಹಚ್ಚಿದ್ದೇನೆ. ಪಾತ್ರೆಯೊಳಗಿನ ಅನ್ನದ ಒಂದೊಂದು ಅಗುಳೂ ಬೇರೆ ಬೇರೆಯಾಗಿ ಕಾಣುತ್ತದೆ. ಇಂಥ ದೇವಿಗೆ ತಮ್ಮ ಸಮಿತಿ ಮೊದಲು ನಿಗದಿ ಮಾಡಿದ ಸ್ಥಳ ಯಾವುದು? ಚಪ್ಪಲಿ ಅಂಗಡಿ. ತಮ್ಮ ಕಚೇರಿಯ ಗುಮಾಸ್ತ ಯಂಕೋಬ ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿ. ಅವನಿಗೆ ಫೋನು ಮಾಡಿ, "ದೇವೀನ್ನ ಚಪ್ಪಲಿ ನಡುವ ನಿಲ್ಲಸ್ತೀರೇನೋ?" ಎಂದು ಕೇಳಿದೆ.

"ಚಪ್ಪಲಿ ಎಲ್ಲಾ ಡಬ್ಬ್ಯಾಗ ಅದಾವ್ರಿ ಮಾಸ್ತರ. ಗಾಜು ಖಾಲಿ ಐತ್ರಿ."

ನಾನು ರೇಗಿದ ಬಳಿಕ ಅವಳನ್ನು ಬೀಜ ಮತ್ತು ಕೀಟನಾಶಕದ ಅಂಗಡಿಗೆ ಬಡ್ತಿ ಕೊಟ್ಟಿರಿ. ಜಗನ್ಮಾತೆಯ ಎಡಭುಜಕ್ಕೆ ತಾಗುವಂತೆ ಇಲಿಪಾಷಾಣದ ಜಾಹೀರಾತು ಇತ್ತು. ಅದನ್ನು ಸರಿಸಿರೆಂದು ನಾನು ಹೆಸರು, ವಿಳಾಸ, ಸಹಿ ಸಮೇತ ಮೂರು ಅರ್ಜಿಗಳನ್ನು ಕೊಟ್ಟೆ. ಉತ್ತರ ಬರಲಿಲ್ಲ, ಇಲಿ ಅಲ್ಲಿಯೇ ಸತ್ತು ಬಿದ್ದಿತ್ತು.

ಪ್ರಭುರಾಜನ ಅಂಗಡಿಯ ಗಾಜು ಮಾತ್ರ ಬಜಾರದ ನಡುಭಾಗದಲ್ಲಿ, ಹಾಲಿನ ಕೇಂದ್ರಕ್ಕೂ ಔಷಧದ ಅಂಗಡಿಗೂ ನಡುವೆ, ಹತ್ತು ಅಡಿ ಅಗಲವಾಗಿ ಹೊಳೆಯುತ್ತಿತ್ತು. ಅದನ್ನು ತಾವು ಕೊಟ್ಟದ್ದು ಪಕೀರಮ್ಮನ ಕೌದಿಗೆ. ಪಕೀರಮ್ಮ ಯಾರೆಂದು ತಮಗೆ ತಿಳಿದಿರಲಾರದು. ಮನೆಮನೆಗೆ ಹೋಗಿ, ಅವರು ಕೊಟ್ಟ ಹಳೆಯ ಸೀರೆ ಧೋತರಗಳನ್ನು ಅವರದೇ ಪಡಸಾಲೆಯಲ್ಲಿ ಹರವಿಕೊಂಡು ಕೌದಿ ಹೊಲಿದುಕೊಡುವ ಹೆಂಗಸು ಅವಳು. ಊರು ಬಂದ್ ಆದ ಮೇಲೆ ಯಾರ ಪಡಸಾಲೆಯೂ ಅವಳಿಗೆ ತೆರೆಯಲಿಲ್ಲ. ಮೂವತ್ತು ವರ್ಷಗಳಿಂದ ಪ್ರತಿ ಮನೆಯ ಕೆಲಸದಲ್ಲೂ ಉಳಿದ ಒಂದೊಂದು ತುಂಡನ್ನು ಅವಳು ಗಂಟು ಕಟ್ಟಿ ಇಟ್ಟಿದ್ದಳಂತೆ. ಆ ಗಂಟನ್ನು ಬಿಚ್ಚಿ, ಒಬ್ಬಳೇ ಕುಳಿತು, ಎಲ್ಲವನ್ನೂ ಕೂಡಿಸಿ ಒಂದೇ ಕೌದಿ ಹೊಲಿದಳು.

ಮಾನ್ಯರೇ, ನಾನು ದಿನವೂ ಬೆಳಿಗ್ಗೆ ಹಾಲಿನ ಚೊಂಬು ಹಿಡಿದು ಎದುರಿನ ಕಟ್ಟೆಯ ಬಳಿ ನಿಲ್ಲುತ್ತಿದ್ದೆ. ಹಾಲು ಕೊಳ್ಳಲು ಐದು ನಿಮಿಷ ಸಾಕು. ನಾನು ಒಂದೂವರೆ ಗಂಟೆ ನಿಲ್ಲುತ್ತಿದ್ದೆ. ಎರಡೂ ಗಾಜುಗಳು ಅಲ್ಲಿಂದ ಕಾಣುತ್ತಿದ್ದವು. ಕೌದಿಯ ಮುಂದೆ ಮೂರು ಮೂರು ಅಡಿ ದೂರದಲ್ಲಿ ನಿಂತ ಹೆಂಗಸರು ಮುಖಗವಸಿನೊಳಗಿಂದಲೇ ಕೂಗಾಡುತ್ತಿದ್ದರು.

"ಯವ್ವಾ, ಆ ಹಸರ ತುಂಡು ನೋಡ್ರಿ, ನಮ್ಮತ್ತಿ ಸೀರಿ!"

"ನಿಮ್ಮತ್ತೀದು ಎಲ್ಲೀದವಾ? ನಮ್ಮ ಮನಿ ತೊಟ್ಟಿಲ ಬಟ್ಟಿ ಅದು. ನಮ್ಮ ಹಿರೇಮಗನ್ನ ಅದರಾಗ ಮಲಗಿಸಿದ್ದೆ."

"ನಿನ್ನ ಮಗ ಈಗ ಲಾರಿ ಅಗಲ ಆಗ್ಯಾನ. ಆ ತೊಟ್ಟಿಲ ಹೆಂಗ ತಡಕೊಂಡಿತ್ತವಾ?"

ವಾರಗಟ್ಟಲೆ ಒಬ್ಬರ ಮನೆಯ ಹೊಸ್ತಿಲನ್ನು ಇನ್ನೊಬ್ಬರು ತುಳಿಯದ ಊರು ಆ ಗಾಜಿನ ಮುಂದೆ ನಗುತ್ತಿತ್ತು. ಗಂಗಾವತಿಯಿಂದ ತರಕಾರಿ ತಂದ ಚಾಲಕರು ಕೂಡ ಗಾಡಿ ನಿಲ್ಲಿಸಿ ನೋಡುತ್ತಿದ್ದರು. ನನ್ನ ಅನ್ನಪೂರ್ಣೆಯ ಮುಂದೆ? ಬಿತ್ತನೆಯ ಬೀಜಕ್ಕೆ ಸಾಲು ನಿಂತ ರೈತರು ಅವಳಿಗೆ ಬೆನ್ನು ತೋರಿಸಿ ನಿಂತಿರುತ್ತಿದ್ದರು. ಆರನೆಯ ದಿನ ಒಬ್ಬ ಗೃಹಸ್ಥ ಸರಿಯಾಗಿ ಚಿತ್ರದ ಮುಂದೆ ನಿಂತ. ನಾನು ಚೊಂಬು ಹಿಡಿದೇ ಎರಡು ಹೆಜ್ಜೆ ಮುಂದೆ ಹೋದೆ. ಅವನು ಗಾಜಿಗೆ ಮುಖ ಹತ್ತಿರ ತಂದು, ತನ್ನ ಮುಖಗವಸನ್ನು ಕೆಳಗಿಳಿಸಿ, ಮೀಸೆ ತೀಡಿಕೊಂಡು ಹೊರಟುಹೋದ.

ಮಠದ ಪಡಸಾಲೆಯಲ್ಲಿ ಶ್ರಾವಣದ ಪ್ರವಚನಗಳಲ್ಲಿ ಕಾಮಕ್ರೋಧಾದಿ ಆರು ಶತ್ರುಗಳ ಲಕ್ಷಣಗಳನ್ನು ನಾನು ಎಷ್ಟು ಸಲ ವಿವರಿಸಿಲ್ಲ! ಮೊದಲ ಐದನ್ನು ಉದಾಹರಣೆ ಸಹಿತ ಬಿಡಿಸಿ ಹೇಳುತ್ತಿದ್ದೆ. ಆರನೆಯದಾದ ಮತ್ಸರದ ಹೊತ್ತಿಗೆ ಮಂಗಳಾರತಿಯ ಸಮಯವಾಗುತ್ತಿತ್ತು. ಕಲಿಸದೆ ಬಿಟ್ಟ ಆ ಪಾಠವನ್ನು ಎಪ್ಪತ್ತಾರನೆಯ ವಯಸ್ಸಿನಲ್ಲಿ ಹಾಲಿನ ಚೊಂಬು ಹಿಡಿದು ಕಲಿತೆ. ಆ ಕೌದಿಯಲ್ಲಿ ದೋಷವೊಂದನ್ನು ಕಂಡುಹಿಡಿಯಲೇಬೇಕೆಂದು ಏಳನೆಯ ದಿನ ಜನ ಕರಗಿದ ಮೇಲೆ ಹತ್ತಿರ ಹೋದೆ. ದೋಷ ಕಾಣಲಿಲ್ಲ, ಬೇರೊಂದು ಕಂಡಿತು. ನಟ್ಟನಡುವಿನ ಚೌಕದಲ್ಲಿ, ಎಲ್ಲ ತುಂಡುಗಳೂ ಸುತ್ತುವರಿದ ಜಾಗದಲ್ಲಿ, ಜರಿಯಂಚಿನ ಕೇಸರಿ ಶಾಲಿನ ತುಂಡು. ಕೊಪ್ಪಳ ಜಿಲ್ಲೆಯಾದ ವರ್ಷ, ತೊಂಬತ್ತೇಳರಲ್ಲಿ, ಒಂದು ಸಭೆಯಲ್ಲಿ ನನಗೆ ಹೊದಿಸಿದ ಶಾಲು ಅದು. ನನ್ನ ಬಾಳಿನಲ್ಲಿ ನನಗೆ ದೊರೆತ ಒಂದೇ ಸನ್ಮಾನ. ಹೊದಿಸಿದವರ ಬೆರಳಿನ ಕುಂಕುಮ ಜರಿಗೆ ಹತ್ತಿತ್ತು. ಆ ಕಲೆಯೂ ಹಾಗೆಯೇ ಇತ್ತು. ಅದು ಟ್ರಂಕಿನಿಂದ ಕಳೆದುಹೋಯಿತೆಂದು ಹದಿನೈದು ವರ್ಷ ನಂಬಿದ್ದೆ. ಊರೇ ಹೊಗಳಿದ ಕಲಾಕೃತಿಯಲ್ಲಿ ನಾನೂ ಇದ್ದೆ, ಚಿಂದಿಯಾಗಿ!

ಅಂದು ಮಧ್ಯಾಹ್ನವೇ ಕುಳಿತು ಅರ್ಜಿ ಬರೆದೆ. ಸದರಿ ಕೌದಿಯು ಉಟ್ಟುಳಿದ, ಮೃತರ ಮೈಸೋಂಕಿದ ವಸನಖಂಡಗಳ ಸಂಚಯವೆಂದೂ, ಸಾಂಕ್ರಾಮಿಕದ ಕಾಲದಲ್ಲಿ ಅದರ ಪ್ರದರ್ಶನ ಜನಾರೋಗ್ಯಕ್ಕೆ ಮಾರಕವೆಂದೂ ಬರೆದೆ. ಅಷ್ಟಕ್ಕೆ ತಾವು ಅಲುಗದಿದ್ದರೆ ಎಂಬ ಸಂದೇಹದಿಂದ, ಹೊರಗಿನವರಿಗೆ ತಿಳಿಯದ ಒಂದು ಸಂಗತಿಯನ್ನೂ ಸೇರಿಸಿದೆ. ಕೌದಿಯ ಕೊನೆಯ ಬಾಯನ್ನು ಮುಚ್ಚುವ ಮೊದಲು ಅದರ ಹೊಟ್ಟೆಯೊಳಗೆ ಒಂದು ಚೂರು ರೊಟ್ಟಿಯಿಟ್ಟು ಹೊಲಿಯುವುದು ನಮ್ಮ ಓಣಿಯ ಹೆಂಗಸರ ಪದ್ಧತಿ. ಹೊದ್ದುಕೊಂಡವರ ಹೊಟ್ಟೆ ಎಂದೂ ಬರಿದಾಗದಿರಲೆಂದು. ಅದನ್ನು ನಾನು ಹೇಗೆ ಬರೆದೆ ಗೊತ್ತೇ? "ಅಂತರ್ಗತ ಕೊಳೆತ ಆಹಾರಪದಾರ್ಥ" ಎಂದು ಬರೆದೆ. ಸೌಟು ಹಿಡಿದ ದೇವಿಯನ್ನು ಏಳು ವರ್ಷ ಉಪವಾಸವಿದ್ದು ಬರೆದವನು ಒಂದು ಚೂರು ರೊಟ್ಟಿಯ ಮೇಲೆ ದೂರು ಬರೆದೆ. ಸಹಿ ಹಾಕಲಿಲ್ಲ.

ಇನ್ನು ತಮ್ಮ ಕಾರ್ಯದಕ್ಷತೆಯ ವಿಷಯ. ಸಹಿಯಿದ್ದ ಮೂರು ಅರ್ಜಿಗಳಿಗೆ ಅಲುಗದ ಸಮಿತಿ ಸಹಿಯಿಲ್ಲದ ಒಂದಕ್ಕೆ ಮರುದಿನ ಬೆಳಗಾಗುವಷ್ಟರಲ್ಲಿ ಎದ್ದು ನಿಂತಿತು. ಇದರಿಂದ ಪ್ರಜೆಗಳು ಕಲಿಯಬೇಕಾದ ನೀತಿಯೇನು? ಹೆಸರಿಲ್ಲದವನ ಮಾತಿಗೆ ಮಾತ್ರ ತೂಕವಿದೆಯೆಂದೇ? ದೂರಿನಲ್ಲಿ ನಿಜವೆಷ್ಟೆಂದು ಪಕೀರಮ್ಮನನ್ನು ಕರೆದು ಒಂದು ಮಾತು ಕೇಳಲು ಯಾವ ಮಾರ್ಗಸೂಚಿ ಅಡ್ಡಬಂತು? ಕವಚ ತೊಟ್ಟ ಇಬ್ಬರು ಬಂದರು. ಹಾಲಿಗೆ ಬಂದವರೆಲ್ಲ ನೋಡುತ್ತಿದ್ದಂತೆ ಕೌದಿಯನ್ನು ನೆಲಕ್ಕೆ ಹಾಕಿ, ನಡುವಿನ ಕೇಸರಿ ಚೌಕದ ಪಕ್ಕದಲ್ಲಿ ಸೀಳಿ, ಒಣಗಿದ ಜೋಳದ ರೊಟ್ಟಿಯ ಹೆಬ್ಬೆರಳಗಲದ ಚೂರನ್ನು ಇಕ್ಕಳದಿಂದ ಎತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರು, ಬಾಂಬು ಸಿಕ್ಕಿದಂತೆ. ಔಷಧ ಬಿದ್ದ ಕಡೆಯೆಲ್ಲ ಬಣ್ಣ ಬಿಳಚಿತು. ಅಂದೇ ಸಂಜೆ ಅದೇ ಗಾಜಿನಲ್ಲಿ ನನ್ನ ಅನ್ನಪೂರ್ಣೆ ನಿಂತಳು. ಮರುದಿನ ನಾನು ಹೊಸ ಧೋತರ ಉಟ್ಟು ನೋಡಲು ಹೋದೆ. ಸುಳ್ಳು ಹೇಳಲಾರೆ, ಒಂದು ಕ್ಷಣ ಸುಖವಾಗಿತ್ತು. ಆಮೇಲೆ ಗಮನಿಸಿದೆ: ಜನ ಆ ಗಾಜಿನ ಬದಿಗೆ ಬರುವುದನ್ನೇ ಬಿಟ್ಟು, ಮೂಗು ಒತ್ತಿ ಹಿಡಿದು ರಸ್ತೆಯ ಆಚೆಯಿಂದ ಹೋಗುತ್ತಿದ್ದರು.

ನಾಲ್ಕನೆಯ ದಿನ ನನ್ನ ಸೊಸೆ ಶಿವಲೀಲಾ ತರಕಾರಿ ತಂದವಳು ಚೀಲವನ್ನು ಬಾಗಿಲಲ್ಲೇ ಇಟ್ಟು ಹೇಳಿದಳು: "ಮಾವಾರ, ಪಕೀರಮ್ಮಗ ಕಿರಾಣಿ ಅಂಗಡ್ಯಾಗ ಸಾಮಾನು ಕೊಡಲಿಲ್ರಿ. 'ದೂರ ನಿಲ್ಲು, ನಿನ್ನ ಕೌದ್ಯಾಗಿಂದ ರೋಗ ಬರಾಕತ್ತೈತಿ' ಅಂದ್ರು. ಕೌದಿ ಹೊಲಿಯಾಕ ಅಂತ ಫೋನ್ ಮಾಡಿದ್ದ ಕೊಪ್ಪಳದ ಮಂದೀನೂ ಬ್ಯಾಡ ಅಂದಾರಂತ."

ನಾನು ಎದ್ದು ತಮ್ಮ ಕಚೇರಿಗೆ ಬಂದೆ. ಮೊದಲು ಎದುರಾದವನು ಯಂಕೋಬ. ಅರ್ಜಿ ಬರೆದವರು ಯಾರೆಂದು ಗೊತ್ತೇ ಎಂದು ಪೀಠಿಕೆ ಹಾಕಿದೆ. ಅವನು ತಲೆಯೆತ್ತಲೇ ಇಲ್ಲ.

"ಓದಿದ ಕೂಡಲೇ ಗೊತ್ತಾತ್ರಿ. ಈ ಊರಾಗ ಅರ್ಜಿ ಒಳಗ 'ತಥಾಪಿ' ಬರಿಯೋರು ನೀವೊಬ್ಬರ ಅದೀರಿ. ಮ್ಯಾಲ 'ಶ್ರೀ' ಬ್ಯಾರೆ ಹಾಕೀರಿ."

"ಗೊತ್ತಿದ್ರೂ ಯಾಕ ಮುಂದ ಕಳಿಸಿದಿ?"

"ಮಾಸ್ತರ ಸುಳ್ಳ ಬರೀತಾರಂತ ನನಗ ಯಾರು ಕಲಿಸಿದ್ರಿ?"

ಅನಂತರ ತಮ್ಮ ಕೋಣೆಗೆ ಬಂದೆ. ತಾವು ಸೌಜನ್ಯದಿಂದ ಕುಳ್ಳಿರಿಸಿದಿರಿ. ನಾನು ಅರ್ಜಿಯನ್ನು ಹಿಂದಕ್ಕೆ ಪಡೆಯುತ್ತೇನೆಂದೆ. "ಅರ್ಜಿದಾರರೇ ಇಲ್ಲದ ಅರ್ಜಿಯನ್ನು ಹಿಂಪಡೆಯಲು ಬರುವುದಿಲ್ಲ" ಎಂದಿರಿ. ಅರ್ಜಿದಾರ ನಿಮ್ಮ ಮುಂದೆಯೇ ಕುಳಿತಿದ್ದಾನೆಂದೆ. "ಹಾಗೆಂದು ಅರ್ಜಿಯಲ್ಲಿ ಎಲ್ಲಿದೆ?" ಎಂದಿರಿ. ಅಬ್ಬಾ, ಎಂಥ ತರ್ಕ! ಹೆಸರಿಲ್ಲದವನು ಒಬ್ಬಳ ಬದುಕನ್ನು ಸೀಳಬಹುದು. ಹೆಸರುಳ್ಳವನು ಅದನ್ನು ಹೊಲಿಯಲು ಬರುವುದಿಲ್ಲ. ಕೊನೆಗೆ ತಾವು ನಕ್ಕು, "ಈಗ ನಿಮ್ಮ ಚಿತ್ರವೇ ಅಲ್ಲಿದೆಯಲ್ಲ ಮಾಸ್ತರೇ, ಇನ್ನೇನು ಬೇಕು?" ಎಂದಿರಿ. ನನ್ನ ಮತ್ಸರವನ್ನು ನನಗಿಂತ ಮೊದಲೇ ಓದಿದ್ದಿರಿ. ಓದಿ, ಅದಕ್ಕೆ ದೊಡ್ಡ ಗಾಜಿನಲ್ಲಿ ಜಾಗ ಕೊಟ್ಟಿದ್ದಿರಿ. ತಪ್ಪಿನಲ್ಲಿ ಪಾಲುದಾರರಾದ ಮೇಲೆ ಪರಿಹಾರದಲ್ಲಿ ಮಾತ್ರ ಕೈತೊಳೆದುಕೊಳ್ಳುವುದು ಯಾವ ಆಡಳಿತಧರ್ಮ?

ಅಲ್ಲಿಂದ ಪಕೀರಮ್ಮನ ಮನೆಗೆ ಹೋದೆ. ಅವಳು ಕಟ್ಟೆಯ ಮೇಲೆ ಕುಳಿತು ಬರಿಯ ಚಿಂದಿಗೆ ಚಿಂದಿ ಹೊಲಿಯುತ್ತಿದ್ದಳು.

"ಯಾಕ್ರಿ ಮಾಸ್ತರ, ಮಾರಿ ಮುಚ್ಚಿಕೊಂಡ ಬಂದೀರಿ?"

"ಮಾಸ್ಕ್ ಹಾಕೋಬೇಕಲ್ಲವಾ."

"ಅರ್ಜಿ ಬರಿಯೋವಾಗನೂ ಹಂಗ ಮುಚ್ಚಿಕೊಂಡಿದ್ರಿ, ಬಿಡ್ರಿ."

ಊರಿಗೆಲ್ಲ ಗೊತ್ತಿದ್ದ ಗುಟ್ಟನ್ನು ನಾನು ಹೊಸದಾಗಿ ಒಪ್ಪಿಕೊಂಡೆ. ಅವಳು ಬಯ್ಯಲಿಲ್ಲ, ಬಯ್ದಿದ್ದರೆ ಹಗುರಾಗುತ್ತಿದ್ದೆನೇನೋ. ಶಾಲು ಅವಳ ಗಂಟಿಗೆ ಹೇಗೆ ಬಂತೆಂದು ಕೇಳಿದೆ.

"ನಿಮ್ಮ ಮನಿಯವರ ಕೊಟ್ಟಿದ್ರು, ಕಳಕಮ್ಮಾರು. 'ಮಾಸ್ತರು ಇದನ್ನ ವರ್ಷಕ್ಕೊಮ್ಮಿ ಟ್ರಂಕಿನ್ಯಾಗಿಂದ ತಗದು ನೋಡಿ ಮತ್ತ ಮಡಚಿ ಇಡ್ತಾರ. ಅವರೂ ಹೊಚ್ಚಿಕೊಳ್ಳಂಗಿಲ್ಲ, ನುಸಿ ತಿನ್ನಾಕತ್ತೈತಿ. ಯಾರರ ಹೊಚ್ಚಿಕೊಳ್ಳಲಿ ತಗೋ' ಅಂದ್ರು. ನನಗರ ಜರಿ ಐತಂತ ಜೀವ. ಚಲೋ ಜಾಗಾ ಬರೋತನಕ ಇಟ್ಟಿದ್ದೆ."

ಕಳಕಮ್ಮ ನನ್ನ ಹೆಂಡತಿ. ತೀರಿ ಒಂಬತ್ತು ವರ್ಷವಾಯಿತು. ನನ್ನ ಚಿತ್ರಗಳ ವಿಷಯದಲ್ಲಿ ಅವಳು ಒಳ್ಳೆಯದನ್ನಾಗಲಿ ಕೆಟ್ಟದ್ದನ್ನಾಗಲಿ ಆಡಿದವಳಲ್ಲ. ನನ್ನ ಬಗ್ಗೆ ಇಷ್ಟು ಉದ್ದದ ಮಾತನ್ನು ಅವಳು ಪಕೀರಮ್ಮನ ಮುಂದೆ ಆಡಿದ್ದಳು. ಹೌದು ಮಾನ್ಯರೇ, ಅದಕ್ಕೂ ನನಗೆ ಉರಿಯಿತು.

ಕೌದಿಯನ್ನು ಬಿಡಿಸಿ ತರುತ್ತೇನೆ, ನೀನು ಹೊಲಿದು ಸರಿಮಾಡಬೇಕು ಎಂದೆ. "ನಾ ಹೊಲಿಯಂಗಿಲ್ರಿ. ಸೀಳಿಸಿದವರ ಕೈಲೇ ಹೊಲಸ್ತೀನಿ" ಎಂದು ಸೂಜಿಗೆ ದಾರ ಪೋಣಿಸಿ ನನ್ನ ಕೈಗಿಟ್ಟಳು. ಅಂದಿನಿಂದ ದಿನವೂ ಬೆಳಿಗ್ಗೆ ಆ ಕಟ್ಟೆಯ ತುದಿಯಲ್ಲಿ ಕುಳಿತು ಚಿಂದಿಯ ಮೇಲೆ ಅಭ್ಯಾಸ ಮಾಡುತ್ತಿದ್ದೇನೆ. ಚಿನ್ನದ ರೇಕನ್ನು ಕೂದಲೆಳೆಯ ಅಂತರದಲ್ಲಿ ಕೂಡಿಸಿದ ಕೈ ಇದು. ನಾಲ್ಕು ಬೆರಳುದ್ದದ ಹೊಲಿಗೆ ನೆಟ್ಟಗೆ ಬರುವುದಿಲ್ಲ. ಅವಳು ಗೆರೆ ಎಳೆಯದೆ, ಕಣ್ಣು ಬೀದಿಯ ಮೇಲಿಟ್ಟು ಹೊಲಿದದ್ದು ಅಳತೆಪಟ್ಟಿಯಿಟ್ಟಂತೆ ಓಡುತ್ತದೆ. "ಮಾಸ್ತರ, ಇದು ಹೊಲಿಗಿ ಅಲ್ರಿ, ಇರವಿ ಸಾಲು ದಾರಿ ತಪ್ಪೈತಿ" ಎಂದು ನಕ್ಕು ನನ್ನದನ್ನು ಬಿಚ್ಚಿಬಿಡುತ್ತಾಳೆ. ಮೊದಲು ಅವಳಿಗೆ ದೊರೆತ ಜನರನ್ನು ಕಂಡು ಕರುಬಿದೆ. ಈಗ ಅವಳ ಕೈಯನ್ನು ಕಂಡು ಕರುಬುತ್ತಿದ್ದೇನೆ. ಎರಡರಲ್ಲಿ ಎರಡನೆಯದೇ ಹೆಚ್ಚು ಸುಡುತ್ತದೆ. ಮೊದಲನೆಯದನ್ನು ತಮ್ಮ ಸಮಿತಿಯ ಪಕ್ಷಪಾತವೆಂದು ಹೇಳಿಕೊಂಡು ನಿದ್ರಿಸಬಹುದಿತ್ತು. ಇದಕ್ಕೆ ಅಂಥ ಯಾವ ಸಮಾಧಾನವೂ ಇಲ್ಲ.

ಆದಕಾರಣ ನನ್ನ ಆಗ್ರಹ ಇಷ್ಟು. ಇಂದು ಗುರುವಾರ. ನಾಳೆ ಬೆಳಿಗ್ಗೆ ಆ ಗೋಣಿಚೀಲವನ್ನು ಉಗ್ರಾಣದಿಂದ ಪಕೀರಮ್ಮನ ಕಟ್ಟೆಗೆ ಕಳುಹಿಸಿರಿ. ಸೀಳಿದ್ದನ್ನು ನಾನು ಹೊಲಿಯುತ್ತೇನೆ, ಅವಳು ಒಪ್ಪುವವರೆಗೆ ಬಿಚ್ಚಿ ಬಿಚ್ಚಿ ಹೊಲಿಯುತ್ತೇನೆ. ಬಾಯಿ ಮುಚ್ಚುವ ಮೊದಲು ಒಳಗಿಡುವ ರೊಟ್ಟಿಯನ್ನು ಶಿವಲೀಲಾ ಬಡಿದುಕೊಡುತ್ತಾಳೆ. ಅದರ ಮೇಲೆ ತಮ್ಮ ಇಕ್ಕಳ ಬೀಳಕೂಡದು. ಶನಿವಾರ ಮತ್ತು ಭಾನುವಾರ ಆರರಿಂದ ಹತ್ತರವರೆಗೆ ಕೌದಿ ಅದೇ ಗಾಜಿನ ಹಿಂದೆ, ಬಿಳಚಿದ ಕಲೆಗಳ ಸಮೇತ ಇರಬೇಕು. ಅವುಗಳನ್ನು ಮುಚ್ಚಲು ಅವಳೂ ಒಪ್ಪುವುದಿಲ್ಲ. ಅನ್ನಪೂರ್ಣೆಯನ್ನು ನಾನು ಮನೆಗೆ ಒಯ್ಯುತ್ತೇನೆ. ಕೌದಿಯ ಮುಂದೆ ಜನ ಮತ್ತೆ ಗುಂಪುಗೂಡಿದರೆ ನನಗೆ ಮತ್ತೆ ಉರಿಯುತ್ತದೆ, ಖಂಡಿತ ಉರಿಯುತ್ತದೆ; ಆದರೆ ಅದನ್ನು ಆರಿಸಲು ತಾವು ಬರಬೇಕಾಗಿಲ್ಲ.

ಅದರ ಪಕ್ಕದಲ್ಲಿ ಒಂದು ಪ್ರಕಟಣೆಯನ್ನೂ ಅಂಟಿಸಬೇಕು: ಈ ಕೌದಿಯಲ್ಲಿ ರೋಗವಿರಲಿಲ್ಲ, ಇದರ ಮೇಲಿನ ದೂರು ಸುಳ್ಳು, ದೂರಿದವನು ಇಂಥವನು, ವಿಚಾರಿಸದೆ ಸೀಳಿದ್ದು ಸಮಿತಿ. ಬರೆಯಲು ತಮ್ಮ ಕಚೇರಿಯಲ್ಲಿ ಯಾರೂ ಒಪ್ಪದಿದ್ದರೆ ನನಗೆ ಹೇಳಿ ಕಳುಹಿಸಿರಿ. ನನ್ನ ಅಕ್ಷರಗಳು ದುಂಡಗಿವೆ. ದೊಡ್ಡ ಕುಂಚದಿಂದ, ರಸ್ತೆಯ ಆಚೆಗೂ ಕಾಣುವಂತೆ ಬರೆದುಕೊಡುತ್ತೇನೆ. 'ತಥಾಪಿ'ಯನ್ನು ಬಳಸುವುದಿಲ್ಲ. ನಾನು ಬರೆದುದರ ಮುಂದೆ ಕುಷ್ಟಗಿಯ ಜನ ನಿಂತು, ಪೂರ್ತಿ ನೋಡಿ, ಒಬ್ಬರನ್ನೊಬ್ಬರು ಕರೆದು ತೋರಿಸುವುದು ಬಹುಶಃ ಅದೊಂದೇ ಸಲ.

ಇಂತಿ,
ಅರ್ಜಿಯಲ್ಲಿ ಹಾಕದೆ ಉಳಿಸಿಕೊಂಡ ಸಹಿಯನ್ನು ಊರೆಲ್ಲರ ಎದುರು ಇಲ್ಲಿ ಹಾಕುತ್ತಿರುವ,
ಹಂಪಣ್ಣ ಮಾಸ್ತರ
ನಿವೃತ್ತ ಚಿತ್ರಕಲಾ ಶಿಕ್ಷಕ. ಸದ್ಯ ಪಕೀರಮ್ಮನ ಕಟ್ಟೆಯ ದಡ್ಡ ವಿದ್ಯಾರ್ಥಿ
ಕುಷ್ಟಗಿ, ಜೂನ್ ೨೦೨೧